ದುಂಡೇಶ ಕಂಪೈಲರ್ ಕಟ್ಟಿದ್ದು

ಗುಡೂರಿನ ನೀರಿನ ಟಾಕಿ ತುಂಬಿದರೂ ಪಂಪು ನಿಲ್ಲುತ್ತಿರಲಿಲ್ಲ. ಉಕ್ಕಿದ ನೀರು ಪಂಚಾಯಿತಿ ಸದಸ್ಯ ತಿಮ್ಮಣ್ಣನ ಅಂಗಳಕ್ಕೆ ನುಗ್ಗಿ, ಒಣಹಾಕಿದ್ದ ಮೆಣಸಿನಕಾಯನ್ನೆಲ್ಲ ಗಟಾರದವರೆಗೆ ಮೆರವಣಿಗೆ ಮಾಡಿಸಿತ್ತು. ಪಂಪನ್ನು ತಾನಾಗಿ ಶುರು ಮಾಡಿ ತಾನಾಗಿ ನಿಲ್ಲಿಸುವ ಪೆಟ್ಟಿಗೆ ಬಾಗಲಕೋಟೆಯ ಒಂದು ಸಣ್ಣ ಕಂಪನಿಯದು. ಅದರೊಳಗಿನ ಪ್ರೋಗ್ರಾಂ ಬರೆದವನು ದುಂಡೇಶ. ಸಾಲದ್ದಕ್ಕೆ ಗುಡೂರು ಅವನ ಹೆಂಡತಿಯ ತವರು; ಅತ್ತೆ ಹನಮವ್ವನ ಮನೆ ಟಾಕಿಯ ಬುಡದಲ್ಲೇ.

"ಸಂಜಿತನಕ ನೋಡ್ತೇವಿ, ಅಳಿಯಾರ," ಎಂದ ತಿಮ್ಮಣ್ಣ, ದುಂಡೇಶ ಬಸ್ಸಿಳಿಯುವುದೇ ತಡ. "ಟಾಕಿ ತುಂಬಿದ ಕೂಡ್ಲೆ ಪಂಪ್ ನಿಂದರಬೇಕು. ಇಲ್ಲಂದ್ರ ಪೆಟ್ಟಿಗಿ ಕಿತ್ತು ಕೈಯಾಗ ಕೊಡ್ತೇವಿ."

ಕಂಪನಿಯ ಮಾಲೀಕ ಫೋನಿನಲ್ಲಿ ಇನ್ನೂ ಚುಟುಕಾಗಿ ಹೇಳಿದ್ದ: "ತಪ್ಪು ನಿನ್ನ ಪ್ರೋಗ್ರಾಂನ್ಯಾಗ ಐತಿ. ಪೆಟ್ಟಿಗಿ ವಾಪಸ್ ಬಂತಂದ್ರ ಅದರ ಕೂಡ ನೀ ಬರಬ್ಯಾಡ."

ಪ್ರೋಗ್ರಾಂ ತಿದ್ದುವುದು ದೊಡ್ಡ ಮಾತಲ್ಲ. ಆದರೆ ಪೆಟ್ಟಿಗೆಯೊಳಗಿನ ಉಗುರಿನಷ್ಟು ಚಿಪ್ಪಿಗೆ ಅದರದೇ ಭಾಷೆ. ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನು ಆ ಭಾಷೆಗೆ ಇಳಿಸಿಕೊಡಲು ಕ್ರಾಸ್ ಕಂಪೈಲರ್ ಎಂಬ ದುಭಾಷಿ ಬೇಕು. ಆ ದುಭಾಷಿ ವಾಸವಿದ್ದ ಆಫೀಸಿನ ಕಂಪ್ಯೂಟರು ಮೊನ್ನೆಯಷ್ಟೇ ಹೊಗೆ ಬಿಟ್ಟು ಸತ್ತಿತ್ತು. ಚಿಪ್ಪು ಹಳೆಯದು, ಸಿದ್ಧ ಕಂಪೈಲರು ಎಲ್ಲಿಯೂ ಸಿಗಲಿಲ್ಲ. ಅದನ್ನು ಕಟ್ಟಿಕೊಡುವ ಸಲಕರಣೆಯೊಂದು ಮಾತ್ರ ಸಿಕ್ಕಿತು. ಯಾವ ಚಿಪ್ಪು ಎಂದು ಹೇಳಿಬಿಟ್ಟರೆ ಸಾಕು, ಲೈಬ್ರರಿ ಎಂಬ ಸಿದ್ಧ ತುಣುಕುಗಳ ಸಮೇತ ಬೇಕಾದ ಸಾಮಾನನ್ನೆಲ್ಲ ಇಂಟರ್ನೆಟ್ಟಿನಿಂದ ತರಿಸಿಕೊಂಡು, ಗೌಂಡಿಯಂತೆ ಒಂದರ ಮೇಲೊಂದು ಕಟ್ಟುತ್ತ ಹೋಗುತ್ತದೆ. ಇಡೀ ದಿನ ಹಿಡಿಯುತ್ತದೆ. ನಡುವೆ ತಡೆದರೆ ಮತ್ತೆ ಪಾಯದಿಂದ.

ದುಂಡೇಶ ಅತ್ತೆಯ ಪಡಸಾಲೆಯಲ್ಲಿ ಕೂತು ಕಟ್ಟಡ ಶುರು ಮಾಡಿಸಿದ. ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಓಡತೊಡಗಿದವು.

"ಏನ್ರಿ ಇದು, ಓಡೇ ಓಡಾಕತ್ತೈತಿ?" ಎಂದಳು ಹೆಂಡತಿ ಪ್ರಿಯದರ್ಶಿನಿ.

"ಓಡ್ಲಿ. ಅದು ನಿಂತ್ರ ನನ್ನ ನೌಕರಿ ಓಡ್ತೈತಿ."

ಅವನು ಕೈ ತೊಳೆದು ಬರುವಷ್ಟರಲ್ಲಿ ಹನಮವ್ವ ಲ್ಯಾಪ್‌ಟಾಪಿನ ಮೈ ಮುಟ್ಟಿ ನೋಡಿದ್ದಳು. "ಯವ್ವಾ, ಏನ್ ಕಾದೈತಿ! ಜ್ವರ ಬಂದಾವ ಇದಕ್ಕ!" ಎನ್ನುತ್ತ ಹಸಿ ಅರಿವೆಯೊಂದನ್ನು ಹಿಂಡಿ ಅದರ ನೆತ್ತಿಗೆ ತರುತ್ತಿದ್ದಳು. ದುಂಡೇಶ ಇಲಿಗೆ ಹಾರುವ ಬೆಕ್ಕಿನಂತೆ ಹಾರಿ ಅರಿವೆ ಕಸಿದುಕೊಂಡ. ಎರಡು ಹನಿ ಕೀಲಿಮಣೆಯ ಮೇಲೆ ಬಿದ್ದೇಬಿಟ್ಟವು. ಪುಣ್ಯಕ್ಕೆ ಇರುವೆಗಳು ಓಡುತ್ತಲೇ ಇದ್ದವು.

ಆಮೇಲೆ ಇಂಟರ್ನೆಟ್ಟು. ಆ ಓಣಿಯಲ್ಲಿ ಸಿಗ್ನಲ್ ಹಿಡಿಯುತ್ತಿದ್ದದ್ದು ಪಕ್ಕದ ಮನೆಯ ಕಾಸಿಂಬಿಯ ಫೋನೊಂದೇ. ಅದರ ಮೇಲೇ ಎಲ್ಲ ನಡೆದಿತ್ತು. ಸಾಮಾನು ಅರ್ಧ ಇಳಿದಿರುವಾಗ ದುಂಡೇಶ ತಲೆ ಎತ್ತಿ ನೋಡುತ್ತಾನೆ, ಕಾಸಿಂಬಿ ಫೋನನ್ನು ಎಲೆಅಡಿಕೆ ಚೀಲದಲ್ಲಿ ಸೇರಿಸಿಕೊಂಡು ಸಂತೆಗೆ ಹೊರಟಿದ್ದಾಳೆ. ಅವನೂ ಬಾಯಿ ತೆರೆದ ಲ್ಯಾಪ್‌ಟಾಪನ್ನು ಬಾಣಂತಿ ಕೂಸನ್ನೆತ್ತಿದಂತೆ ಎದೆಗವಚಿಕೊಂಡು ಬೆನ್ನು ಹತ್ತಿದ. ಆಕೆ ಉಳ್ಳಾಗಡ್ಡಿ ಆರಿಸಿದರೆ ಅವನು ಉಳ್ಳಾಗಡ್ಡಿಯ ಮುಂದೆ, ಆಕೆ ಬಳೆ ನೋಡಿದರೆ ಅವನು ಬಳೆಯ ಮುಂದೆ.

"ಯಾಕೋ ತಮ್ಮಾ, ಆಗಿಂದ ನನ್ನ ಬೆನ್ನ ಹತ್ತೀದಿ?" ಕಾಸಿಂಬಿ ಸೊಂಟಕ್ಕೆ ಕೈ ಕೊಟ್ಟು ತಿರುಗಿ ನಿಂತಳು. ಸಂತೆಯೂ ತಿರುಗಿತು.

"ಬೇ, ನಿಮ್ಮ ಬೆನ್ನಲ್ಲ, ಫೋನಿನ ಬೆನ್ನ! ಸಾವಕಾಶ ಹೋಗ್ರಿ, ಇನ್ನ ಒಂದ ಲೈಬ್ರರಿ ಬರೂದೈತಿ!"

"ಲೈಬ್ರರಿ ಪಂಚಾಯಿತಿ ಮಗ್ಗಲ ಐತಲ್ಲೋ," ಎಂದು ಬಳೆಗಾರ ದಾರಿ ತೋರಿಸಿದ.

ಲೈಬ್ರರಿ ಬಂತು. ಮನೆ ಮುಟ್ಟುವ ಹೊತ್ತಿಗೆ ಕರೆಂಟು ಹೋಗಿತ್ತು. ಬ್ಯಾಟರಿ ದಮ್ಮಿನ ರೋಗಿಯಂತೆ ಏದುತ್ತ ಕೆಂಪಗೆ ಮಿಣುಕುತ್ತಿತ್ತು. ಪಂಪಿನ ಮನೆಗೆ ಬೇರೆ ಲೈನು ಎಂದು ಪ್ರಿಯದರ್ಶಿನಿ ಕೂಗಿದ್ದೇ, ದುಂಡೇಶ ಚಪ್ಪಲಿ ಮೆಟ್ಟದೆ ಓಡಿದ. ನೀರು ಬಿಡುವ ಬಂದೇನವಾಜ ಅಲ್ಲಿ ತನ್ನ ಫೋನು ಚಾರ್ಜಿಗಿಟ್ಟಿದ್ದ. ದುಂಡೇಶ ಅದನ್ನು ಕಿತ್ತು ಲ್ಯಾಪ್‌ಟಾಪಿನ ವೈರು ಚುಚ್ಚಿದ.

"ಇಷ್ಟ್ಯಾಕ ತ್ರಾಸ ತಗೋತೀರಿ ಸಾಹೇಬ್ರ," ಎಂದ ಬಂದೇನವಾಜ, ಏನೋ ಹೇಳಬೇಕೆಂದವನಂತೆ. ಮತ್ತೇನು ನೆನಪಾಯಿತೋ, ತನ್ನ ಫೋನಿನ ವೈರು ಸುತ್ತತೊಡಗಿದ.

ಹೊತ್ತು ಇಳಿಯುವಾಗ ಕಂಪೈಲರ್ ಎದ್ದು ನಿಂತಿತು, ಒಂದೂ ತಪ್ಪಿಲ್ಲದೆ. ದುಂಡೇಶನ ಕಣ್ಣಲ್ಲಿ ನೀರು ಬಂತು. ಪ್ರೋಗ್ರಾಮಿನಲ್ಲಿ ಯಾವ ದೋಷವೂ ಅವನಿಗೆ ಕಾಣಲಿಲ್ಲ. ಆದರೂ 'ತುಂಬಿದರೆ ನಿಲ್ಲು' ಎಂದು ಒಂದು ಕಡೆ ಇದ್ದದ್ದನ್ನು ನಾಲ್ಕು ಕಡೆ ಬರೆದು, ಹೊಸ ದುಭಾಷಿಯ ಕೈಯಲ್ಲಿ ಚಿಪ್ಪಿಗೆ ಹೇಳಿಸಿದ.

ಟಾಕಿಯ ಕೆಳಗೆ ಊರೇ ನೆರೆಯಿತು. ಪಂಪು ಶುರುವಾಯಿತು. ಟಾಕಿ ತುಂಬಿತು. ಎಲ್ಲರೂ ತಲೆ ಎತ್ತಿದರು. ನೀರು ಧೋ ಎಂದು ಉಕ್ಕಿ ತಿಮ್ಮಣ್ಣನ ಹೊಸ ಧೋತರವನ್ನು ಸೊಂಟದವರೆಗೆ ತೋಯಿಸಿತು.

"ಏನಪಾ ಇಂಜಿನಿಯರಾ!" ಎಂದು ಅವನು ಗರ್ಜಿಸುತ್ತಿರುವಾಗಲೇ ದುಂಡೇಶ ಏಣಿ ಹತ್ತಿದ್ದ. ಇಡೀ ದಿನದಲ್ಲಿ ಅವನು ಟಾಕಿಯೊಳಗೆ ಇಣುಕಿದ್ದು ಆಗಲೇ. ನೀರಿನ ಜೊತೆ ಮೇಲೇರಿ 'ತುಂಬಿತು' ಎಂದು ಪೆಟ್ಟಿಗೆಗೆ ತಿಳಿಸಬೇಕಾದ ಪ್ಲಾಸ್ಟಿಕ್ ಉಂಡೆ ಏರಿರಲೇ ಇಲ್ಲ. ಅದರ ವೈರು ಜಗ್ಗಿ ಮೇಲೆತ್ತಿ ನೋಡಿದ: ಅದಕ್ಕೊಂದು ಕಲ್ಲು ಕಟ್ಟಿ ತಳಕ್ಕೆ ಬಿಟ್ಟಿದ್ದರು. ಕಟ್ಟಿದ್ದು ಹರಿದ ಇಳಕಲ್ ಸೀರೆಯ ದಡಿಯಿಂದ. ಸೀರೆಯ ಗುರುತು ಅವನಿಗೆ ಹತ್ತಿತು. ಮದುವೆಯಲ್ಲಿ ಅತ್ತೆಗೆ ತಾನೇ ಉಡುಗೊರೆ ಕೊಟ್ಟದ್ದು.

ಹಿಂದೆಯೇ ಏಣಿ ಹತ್ತಿ ಬಂದ ಬಂದೇನವಾಜ ಕಿವಿಯಲ್ಲಿ ಪಿಸುಗುಟ್ಟಿದ: "ನಿಮ್ಮ ಅತ್ತಿಯವ್ರ ಕಟ್ಟಂದ್ರು, ಕಟ್ಟೇನ್ರಿ. ಉಕ್ಕಿದ ನೀರು ಮೊದಲ ಅವರ ಬದನಿಕಾಯಿ ಮಡಿಗೆ ಹೋಗ್ತೈತಿ. ಹೆಚ್ಚಾದದ್ದ ತಿಮ್ಮಣ್ಣಾರ ಅಂಗಳಕ್ಕ."

"ಏನ್ ಸಿಕ್ತು? ತಪ್ಪು ಎಲ್ಲಿ ಐತಿ?" ಕೆಳಗಿನಿಂದ ತಿಮ್ಮಣ್ಣ.

ದುಂಡೇಶ ಬಗ್ಗಿ ನೋಡಿದ. ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಪ್ರಿಯದರ್ಶಿನಿ, ಗಂಡನ ಮೇಲೆ ನಂಬಿಕೆಯೇ ಕಣ್ಣಾಗಿ. ಅವನು ಉಂಡೆಯನ್ನು ಮತ್ತೆ ನೀರಿಗೆ ಬಿಟ್ಟ.

"ಪ್ರೋಗ್ರಾಂನ್ಯಾಗ ಐತ್ರಿ! ನಂದ ತಪ್ಪು!"

ತಿಮ್ಮಣ್ಣ ಆಡಿದ ಮಾತಿಗೆ ತಪ್ಪಲಿಲ್ಲ. ಪೆಟ್ಟಿಗೆ ಕಿತ್ತು ಕೈಯಲ್ಲಿಟ್ಟ. ಬಸ್ಸಿಗೆ ಬೀಳ್ಕೊಡಲು ಬಂದ ಹನಮವ್ವ, ಲ್ಯಾಪ್‌ಟಾಪಿನ ಚೀಲಕ್ಕೆ ಮಿರಮಿರ ಮಿಂಚುವ ಎಳೆ ಬದನೆಕಾಯಿ ತುರುಕಿ, ಅಳಿಯನ ಬೆನ್ನು ಸವರಿದಳು.

"ಮನಸಿಗೆ ಹಚ್ಕೋಬ್ಯಾಡ್ರಿ ಅಳಿಯಾರ. ಎಲ್ಲಾ ಕೆಲಸ ಎಲ್ಲಾರಿಗೂ ಬರೂದಿಲ್ಲ."