ಗಿರೀಶನ ಬ್ಯಾಕೆಂಡ್ ಚಿಕಿತ್ಸೆ

ಸಾರಿಗೆ ಉಪ್ಪು ಹಾಕುವುದನ್ನು ಮರೆತು ಒಲೆ ಬದಲಾಯಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರು ಅಡುಗೆಮನೆಯಲ್ಲಿ ಅಪರೂಪ. ನಾನು ಪಾಠ ಮಾಡುವ ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಧಾರಾಳ. ಅವರಲ್ಲಿ ಅಗ್ರಗಣ್ಯ ನನ್ನ ಪಕ್ಕದ ಕುರ್ಚಿಯ ಗಿರೀಶ.

ಚಿತ್ರ ನೋಡಿ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸುವ ಲೈಬ್ರರಿಯೊಂದಿದೆ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಕಟ್ಟು. ಮೇಲೆ ನಾವು ಬರೆದದ್ದಿರುತ್ತದೆ, ಕೆಳಗೆ ಲೆಕ್ಕ ಹಾಕುವ ಎಂಜಿನ್. ಅದಕ್ಕೇ ಬ್ಯಾಕೆಂಡ್ ಎನ್ನುವುದು. ಇರುವ ಎರಡು ಮೂರರಲ್ಲಿ ಯಾವುದು ಬೇಕೋ ಅದರ ಹೆಸರನ್ನು ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದರಾಯಿತು. ವೇಗ ಒಂದಿಷ್ಟು ಹೆಚ್ಚುಕಡಿಮೆಯಾದೀತು, ಉತ್ತರ ಹೆಚ್ಚೇನೂ ಬದಲಾಗದು. ಇದನ್ನು ಗಿರೀಶನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಅವನ ಪ್ರೋಗ್ರಾಂ ಬೆಕ್ಕನ್ನು ನಾಯಿ ಎಂದರೆ ಸಾಕು, ಫೈಲು ತೆರೆದು ಬ್ಯಾಕೆಂಡ್ ಬದಲಾಯಿಸುತ್ತಾನೆ. ಅದೂ ಲೈಬ್ರರಿ ಶುರುವಾದ ಮೇಲೆ. ಅಷ್ಟು ಹೊತ್ತಿಗೆ ಅದು ಹಳೆಯ ಎಂಜಿನ್ನನ್ನೇ ಹಿಡಿದು ಕೂತಿರುತ್ತದೆ. ಎಲ್ಲ ಮುಚ್ಚಿ ಮತ್ತೆ ತೆರೆಯದೆ ಹೊಸದು ಬರುವುದಿಲ್ಲ. ಬದಲಾಗದ ಬ್ಯಾಕೆಂಡನ್ನೇ ನೋಡಿ, ಈಗ ಸ್ವಲ್ಪ ಪರವಾಗಿಲ್ಲ ಎಂದುಕೊಂಡು ಕಾಫಿಗೆ ಹೊರಡುತ್ತಾನೆ. ಇಂಥವನಿಗೆ ವಿಭಾಗದ ಮುಖ್ಯಸ್ಥರ ಮೆಚ್ಚುಗೆ ಬೇರೆ.

ಈ ನಡುವೆ ಭದ್ರಾವತಿಯ ಫೌಂಡ್ರಿ ಮಾಲೀಕರಾದ ಬಸವರಾಜಪ್ಪನವರು ಎರಕದ ತುಂಡುಗಳಲ್ಲಿ ಬಿರುಕು ಪತ್ತೆ ಮಾಡುವ ಪ್ರೋಗ್ರಾಂ ಬೇಕೆಂದರು. ಅದು ಒಪ್ಪಿಗೆಯಾದರೆ ನಮ್ಮ ನಾಲ್ವರು ವಿದ್ಯಾರ್ಥಿಗಳಿಗೆ ಅಲ್ಲೇ ಕೆಲಸ. ಕೆಲಸ ಸಿಕ್ಕಂತೆಯೇ ಎಂದು ಹುಡುಗರಿಗೆ ನಾನೇ ಮಾತು ಕೊಟ್ಟುಬಿಟ್ಟೆ. ಗಿರೀಶನನ್ನು ಹತ್ತಿರಕ್ಕೂ ಸೇರಿಸದೆ ಎಲ್ಲವನ್ನೂ ನಾನೇ ಮಾಡಿದೆ. ಅವರು ಕಳಿಸಿದ ತುಂಡುಗಳನ್ನು ನಮ್ಮ ವರ್ಕ್‌ಶಾಪಿನ ಟ್ಯೂಬ್‌ಲೈಟಿನ ಕೆಳಗಿಟ್ಟು ಚಿತ್ರ ತೆಗೆದೆ. ಅಷ್ಟಕ್ಕೆಲ್ಲ ಬಸ್ಸು ಹತ್ತಿ ಭದ್ರಾವತಿಗೆ ಯಾರು ಹೋಗುತ್ತಾರೆ?

ಡೆಮೊ ದಿನ ಫೌಂಡ್ರಿಯಲ್ಲಿ ನನ್ನ ಪ್ರೋಗ್ರಾಂ ಒಳ್ಳೆಯ ತುಂಡುಗಳನ್ನೆಲ್ಲ ಬಿರುಕು ಬಿಟ್ಟಿವೆ ಎಂದಿತು. ಅಲ್ಲಿನ ಬಿಸಿಲಿಗೆ ಬಿದ್ದ ನೆರಳನ್ನೆಲ್ಲ ಅದು ಬಿರುಕೆಂದೇ ತಿಳಿಯಿತು. ಬಸವರಾಜಪ್ಪನವರು ಕುತೂಹಲಕ್ಕೆ ಕ್ಯಾಮೆರಾದ ಮುಂದೆ ತಮ್ಮ ಅಂಗೈ ಹಿಡಿದರೆ, ಅದಕ್ಕೂ ಬಿರುಕು.

"ಏನ್ ಮೇಷ್ಟ್ರೇ, ಹಿಂಗ್ಯಾಕೆ?" ಎಂದರು.

ಜೊತೆಗೆ ಬಂದಿದ್ದ ನಾಲ್ವರು ಹುಡುಗರೂ ನನ್ನ ಮುಖ ನೋಡಿದರು. ಚಿತ್ರ ತೆಗೆದ ಜಾಗವೇ ತಪ್ಪು ಎಂದು ಒಪ್ಪಿಕೊಳ್ಳಬೇಕಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ.

"ಬ್ಯಾಕೆಂಡ್ ಬದಲಾಯಿಸ್ಬೇಕು ಸರ್. ಒಂದ್ ವಾರ ಕೊಡಿ, ಸರಿಹೋಗುತ್ತೆ."

"ಅಷ್ಟೇನಾ ಮಾರಾಯ್ರೆ? ಮೊದ್ಲೇ ಹೇಳ್ಬಾರ್ದಾ," ಎಂದು ಅವರು ಟೀ ತರಿಸಿದರು.

ಈಗ ಬ್ಯಾಕೆಂಡಿನ ಹೆಸರು ಹೇಳಿಕೊಂಡು ದಿನವೂ ಭದ್ರಾವತಿಗೆ ಹೋಗಿ, ಬಿಸಿಲಲ್ಲಿ ನಿಂತು ಹೊಸ ಚಿತ್ರ ತೆಗೆಯುತ್ತಿದ್ದೇನೆ. ಸುದ್ದಿ ತಿಳಿದ ಗಿರೀಶ ನಿನ್ನೆ ತನ್ನ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಯಾವ ಬ್ಯಾಕೆಂಡ್ ಹಾಕುತ್ತೀರಿ ಸರ್ ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಅವನು ನನ್ನೊಡನೆ ಇಷ್ಟು ಗೌರವದಿಂದ ಮಾತಾಡಿದ್ದು ಇದೇ ಮೊದಲು.