ಮಾಲ್ಟಾಕ್ಕೆ ಹೊರಟ ಗಂಟು

ದೇವರಿಗೆ ಕೈಮುಗಿದು, ಹಿರಿಯರು ಹಾಕಿಕೊಟ್ಟ ಕ್ರಮದಲ್ಲಿ, ಎಷ್ಟೇ ಎಚ್ಚರದಿಂದ ಕೆಲಸಕ್ಕೆ ಕೈಹಾಕಿದರೂ ನನ್ನ ಕೆಲಸಗಳು ನಾಲ್ಕು ಜನ ನಗುವಂತೆಯೇ ಆಗುತ್ತವೆ. ಯಾರನ್ನೂ ನಗಿಸಬೇಕೆಂದು ನಾನು ಹೊರಟವನಲ್ಲ. ನಗುವವರು ತಾವಾಗಿ ನಗುತ್ತಾರೆ, ಅವರಲ್ಲಿ ನನ್ನ ಹೆಂಡತಿ ಮೊದಲಿಗಳು.

ಯಾರ ಗುಡಿ?

ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ನೌಕರಿ ಮುಗಿಸಿ, ಮಧುರವಾಡದ ಅಪಾರ್ಟ್‌ಮೆಂಟಿನಲ್ಲಿ ನಾವಿಬ್ಬರೂ ನೆಮ್ಮದಿಯಾಗಿದ್ದೆವು. ಹೋದ ವರ್ಷ ನನ್ನ ಹೆಂಡತಿಗೆ ನೋಟದ ಅಂಚುಗಳು ಕಪ್ಪಾಗತೊಡಗಿದವು. ಕಣ್ಣಿನ ಡಾಕ್ಟರು ಮುಚ್ಚಿಡದೆ ಹೇಳಿದರು: "ಹೋದ ದೃಷ್ಟಿ ಬರುವುದಿಲ್ಲಮ್ಮ. ಇರುವುದನ್ನು ಉಳಿಸಿಕೊಳ್ಳಲು ನೋಡೋಣ. ಕಣ್ತುಂಬ ನೋಡಬೇಕು ಅಂದುಕೊಂಡದ್ದು ಏನಾದರೂ ಇದ್ದರೆ ಮುಂದೂಡಬೇಡಿ."

ಹೊರಗೆ ಗೋಡೆಯ ಮೇಲೊಂದು ಕ್ಯಾಲೆಂಡರು. ಅದರಲ್ಲಿ ನೀಲಿ ಸಮುದ್ರದ ಅಂಚಿಗೆ ಜೇನಿನ ಬಣ್ಣದ ಕಲ್ಲಿನ ಊರು. ಕಣ್ಣಿಗೆ ಹಾಕಿದ್ದ ಹನಿಯ ಮಬ್ಬು ಇಳಿಯುವವರೆಗೂ ಅವಳು ಅದರ ಹತ್ತಿರ ಮುಖವಿಟ್ಟು ನಿಂತಿದ್ದಳು.

"ಇದನ್ನ ನೋಡಬೇಕು ಕಣ್ರೀ," ಅಂದಳು. ಕೆಳಗೆ ಮಾಲ್ಟಾ ದ್ವೀಪ ಎಂದಿತ್ತು.

ಕಾಶಿ, ರಾಮೇಶ್ವರ, ಬದರಿ ಬಿಟ್ಟು ಬೇರೆ ಊರನ್ನು ಅವಳು ಕೇಳಿದ್ದು ಅದೇ ಮೊದಲು. ನಾನು ಮೆಲ್ಲಗೆ, "ಸಮುದ್ರ ತಾನೆ, ನಮ್ಮ ಪಕ್ಕದ ಋಷಿಕೊಂಡದಲ್ಲೇ ಇದೆಯಲ್ಲ," ಅಂದೆ.

ವಾರ ಕಳೆದ ಮೇಲೆ ಅವಳು ಎಲ್ಲ ವಿಚಾರಿಸಿಕೊಂಡು ಬಂದು ನನ್ನ ಮುಂದೆ ಕೂತಳು. "ಅಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗುಡಿಗಳಿವೆಯಂತೆ. ಈಗ ಬರ್ತೀರೋ ಇಲ್ವೋ?"

ಗುಡಿ ಅಂದಮೇಲೆ ಇಲ್ಲ ಅನ್ನುವುದು ಹೇಗೆ? "ಯಾವ ದೇವರ ಗುಡಿ?" ಎಂದು ಕೇಳಿದೆ.

"ಯಾರಿಗೂ ಗೊತ್ತಿಲ್ಲವಂತೆ."

ನಾನು ಬಹಳ ಹೊತ್ತು ಯೋಚಿಸಿ, "ಹಾಗಾದರೆ ಯಾವ ಹೂವು ತಗೊಂಡು ಹೋಗೋದು?" ಅಂದೆ. ಅವಳ ಕಣ್ಣಿನ ಸುದ್ದಿ ಕೇಳಿದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿದ್ದು ಆವತ್ತೇ. ಹೋಗುವುದೇ ಸರಿ ಎಂದು ಆಗಲೇ ನಿಶ್ಚಯಿಸಿದೆ.

ಸೀಟು ಬೇಡದ ಪ್ರಯಾಣಿಕ

ವಿಜಯವಾಡದಲ್ಲಿ ನನ್ನ ಹೆಂಡತಿಯ ತಮ್ಮ ಇದ್ದಾನೆ. ಅಲ್ಲಿನ ಗವರ್ನರ್‌ಪೇಟೆಯಲ್ಲಿ ಅವನಿಗೆ ಗುರುತಿರುವ ಒಬ್ಬ ಟ್ರಾವೆಲ್ ಏಜೆಂಟು, ಸಗಟು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ ಮಾಡಿಕೊಂಡಿದ್ದ. ನಾನು ಅಲ್ಲಿಗೆ ಹೋದಾಗ ಕೆಳಗೆ ಆಟೋಗಳ ಗದ್ದಲ. ಅದರ ಮೇಲೆ ದನಿಯೇರಿಸಿ, ತೆಲುಗರ ಮರ್ಯಾದೆಯ ಮಾತಿನಲ್ಲಿ, "ಎಷ್ಟು ಜನ ಅಂಡಿ?" ಎಂದು ಕೇಳಿದ.

"ನಾವಿಬ್ಬರು. ಜೊತೆಗೆ ಇನ್ನೊಬ್ಬರು. ಅವರಿಗೆ ಸೀಟು ಬೇಡ, ಕೈಚೀಲದಲ್ಲೇ ಬರುತ್ತಾರೆ."

ಅವನು ಬರೆಯುವುದನ್ನು ನಿಲ್ಲಿಸಿದ. "ಮಗುವಾ ಸರ್?"

"ಸಾಲಿಗ್ರಾಮ," ಅಂದೆ. ನಮ್ಮ ತಂದೆಯವರ ಕಾಲದಿಂದ ನಿತ್ಯಪೂಜೆ ನಿಂತಿಲ್ಲ ಎಂದು ನಿಧಾನವಾಗಿ ವಿವರಿಸಿದೆ. ಬೆಳಿಗ್ಗೆ ಅಭಿಷೇಕ, ಆಮೇಲೆ ನೈವೇದ್ಯ, ಒಂದು ತುಪ್ಪದ ದೀಪ. ವಿಮಾನದಲ್ಲಿ ಇಷ್ಟಕ್ಕೆ ಅನುಕೂಲವಾದರೆ ಸಾಕು ಎಂದೆ.

ಅವನೂ ಭಕ್ತನೇ. ಎರಡೂ ಕೈ ಜೋಡಿಸಿ ಹೇಳಿದ: "ಗುರುಗಾರೂ, ವಿಮಾನದಲ್ಲಿ ದೀಪ ಹಚ್ಚಿದರೆ ಅವರು ನಮ್ಮ ಜೊತೆ ಬರುವುದಿಲ್ಲ, ನಾವೆಲ್ಲರೂ ಅವರ ಹತ್ತಿರ ಹೋಗುತ್ತೇವೆ."

ದೇವರು ಬಂದ ಮನೆ

ಕೊನೆಗೆ ಸಾಲಿಗ್ರಾಮವನ್ನು ಭಾವಮೈದುನನ ಮನೆಯಲ್ಲಿ ಬಿಡುವುದೆಂದಾಯಿತು. ಅವನು ಹಾಸಿಗೆಯಲ್ಲೇ ಕಾಫಿ ಕುಡಿಯುವ ಮನುಷ್ಯ. ಅಕ್ಕನ ಮುಖ ನೋಡಿ ಒಪ್ಪಿಕೊಂಡ. ಹೊರಡುವ ವಾರ ನಾವು ರೈಲಿನಲ್ಲಿ ಹೋಗಿ ದೇವರ ಪೆಟ್ಟಿಗೆ ಒಪ್ಪಿಸಿ, ಕ್ರಮವೆಲ್ಲ ಕಲಿಸಿ ಬಂದೆವು. ಬರುವಾಗ ನನ್ನ ಮಡಿಲು ಬರಿದಾದಂತೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ತಡೆಯಲಾರದೆ ಫೋನ್ ಮಾಡಿದೆ. ಅವನ ಹೆಂಡತಿ ಎತ್ತಿಕೊಂಡಳು.

"ಪೂಜೆ ಆಯ್ತೇನಮ್ಮ? ಅವನಿಗೆ ಕಷ್ಟ ಆಗ್ತಿಲ್ಲ ತಾನೆ?"

"ಕಷ್ಟವೇನಣ್ಣ! ನಸುಕಿನಲ್ಲೇ ಎದ್ದು ಸ್ನಾನ ಮಾಡಿದರು. ಪೂಜೆ ಮುಗಿಯೋವರೆಗೂ ಕಾಫಿ ಕೇಳಲಿಲ್ಲ, ಪೇಪರ್ ಕೇಳಲಿಲ್ಲ, ನನ್ನ ಮೇಲೆ ರೇಗಲಿಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಆ ದ್ವೀಪದಲ್ಲಿ ನೋಡೋದು ಇನ್ನೂ ಜಾಸ್ತಿ ಇಲ್ವಾ ಅಣ್ಣ? ಒಂದು ಆರು ತಿಂಗಳು ಇದ್ದು ಬರಬಾರದಾ?"

ಗಂಟು

ಏಜೆಂಟು ಟಿಕೆಟ್ ಮಾಡಿಸಿದ್ದು ಭಾನುವಾರಕ್ಕೆ. ಮಾಲ್ಟಾ ಇರುವುದು ಪಶ್ಚಿಮಕ್ಕೆ. ಭಾನುವಾರ ಪಶ್ಚಿಮಕ್ಕೆ ಶೂಲ, ಹೊರಡಬಾರದು. ಹಾಗೆಂದು ವಿಮಾನ ನಿಲ್ಲುವುದಿಲ್ಲ. ಇಂಥ ಇಕ್ಕಟ್ಟಿಗೆ ನಮ್ಮಲ್ಲಿ ಪ್ರಸ್ಥಾನ ಇಡುವ ಪದ್ಧತಿಯಿದೆ: ಒಳ್ಳೆಯ ದಿನ ನೋಡಿ, ಪ್ರಯಾಣದ ವಸ್ತುವನ್ನು ಗಂಟು ಕಟ್ಟಿ, ಹೋಗುವ ದಿಕ್ಕಿನ ಇನ್ನೊಬ್ಬರ ಮನೆಯಲ್ಲಿಟ್ಟರೆ ನಾವೇ ಹೊರಟಂತೆ. ಹೊರಡುವ ದಿನ ಗಂಟನ್ನು ದಾರಿಯಲ್ಲಿ ಎತ್ತಿಕೊಂಡು ಹೋಗಬೇಕು, ಅದು ಮಾತ್ರ ಮತ್ತೆ ನಮ್ಮ ಹೊಸ್ತಿಲು ದಾಟಿ ಒಳಗೆ ಬರಬಾರದು.

ಯಾವುದಿಲ್ಲದಿದ್ದರೆ ಪ್ರಯಾಣವೇ ಇಲ್ಲವೋ ಅದನ್ನು ಇಡಬೇಕೆಂದು ತಂದೆಯವರು ಹೇಳುತ್ತಿದ್ದರು. ಅವರು ಕೊಡೆ, ತಂಬಿಗೆ ಇಡುತ್ತಿದ್ದರು. ನಾನು ಚೆನ್ನಾಗಿ ಯೋಚಿಸಿ, ಗುರುವಾರ ಒಳ್ಳೆಯ ಹೊತ್ತಿನಲ್ಲಿ, ಎರಡೂ ಪಾಸ್‌ಪೋರ್ಟುಗಳನ್ನು ಅಕ್ಷತೆಯ ಜೊತೆ ಹಳದಿ ಬಟ್ಟೆಯಲ್ಲಿ ಕಟ್ಟಿ ಪಶ್ಚಿಮದ ಪಕ್ಕದ ಮನೆಗೆ ಕೊಟ್ಟೆ. ಅಲ್ಲಿರುವುದು ನಿವೃತ್ತ ತೆಲುಗು ಮಾಸ್ಟರು. ಪದ್ಧತಿ ಅವರಿಗೂ ಗೊತ್ತು. ಒಳಗೇನಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ, "ಎಲ್ಲಾ ಸರಿಯಾಗಿದೆಯಾ ಒಂದು ಸಲ ನೋಡೋಣ. ಪಾಸ್‌ಪೋರ್ಟ್ ಎಲ್ಲಿ?" ಅಂದಳು.

"ಪ್ರಸ್ಥಾನಕ್ಕೆ ಇಟ್ಟಿದ್ದೀನಿ," ಅಂದೆ.

ಪಕ್ಕದ ಮನೆಗೆ ಬೀಗ. ಮಾಸ್ಟರಿಗೆ ಫೋನ್ ಮಾಡಿದೆ. ಹಿಂದೆ ಗುಡಿಯ ಗಂಟೆಯ ಸದ್ದು ಕೇಳಿಸುತ್ತಿತ್ತು.

"ಗಂಟಾ? ನನ್ನ ಹತ್ತಿರ ಭದ್ರವಾಗಿದೆ ಅಂಡಿ! ಅಷ್ಟು ದೊಡ್ಡ ಪ್ರಯಾಣಕ್ಕೆ ಬರೀ ಒಂದು ಗೋಡೆ ದಾಟಿದರೆ ಏನು ಫಲ? ಊರ ಗಡಿಯಾದರೂ ದಾಟಬೇಡವಾ? ನಾನು ಹೇಗೂ ಅಮ್ಮನವರ ದರ್ಶನಕ್ಕೆ ವಿಜಯವಾಡಕ್ಕೆ ಬರುವವನಿದ್ದೆ, ಜೊತೆಗೇ ತಂದುಬಿಟ್ಟೆ. ಈಗಷ್ಟೇ ಬೆಟ್ಟದ ಮೇಲೆ ಅದಕ್ಕೆ ಪೂಜೆಯೂ ಆಯಿತು, ಕುಂಕುಮವೂ ಬಿತ್ತು!"

ಒಳಗೆ ಏನಿದೆ ಎಂದು ಹೇಳಿದೆ. ಮಾಸ್ಟರು ಸಣ್ಣ ದನಿಯಲ್ಲಿ, "ಈಗಲೇ ವಾಪಸ್ ತರಲಾ?" ಅಂದರು.

"ಬೇಡ, ಬೇಡ! ಪ್ರಸ್ಥಾನ ಹಿಂದಕ್ಕೆ ಬರಬಾರದು!" ಎಂದುಬಿಟ್ಟೆ. ಅಭ್ಯಾಸದ ಮಾತು, ಬಾಯಿಗೆ ಬಂದುಬಿಟ್ಟಿತ್ತು.

ಹೆಂಡತಿಯ ಕಡೆ ನೋಡಿದೆ. ಅವಳು ನೋಡುವ ದಿನಗಳನ್ನು ನಾನು ಬಟ್ಟೆಯಲ್ಲಿ ಕಟ್ಟಿ ಬೇರೆ ಊರಿಗೆ ಕಳಿಸಿಬಿಟ್ಟೆನಲ್ಲ ಅನ್ನಿಸಿತು. ಅವಳು ಬಯ್ಯಲಿಲ್ಲ, ಅಳಲಿಲ್ಲ. ಪೆಟ್ಟಿಗೆಯನ್ನು ಬಾಗಿಲಿಗೆ ಎಳೆದು ತಂದು, "ಅದು ಬರೋದು ಬೇಡ. ಅದರ ಹಿಂದೆ ನಾವೇ ಹೋಗೋಣ, ಕಾರು ಕರೆಸಿ," ಅಂದಳು.

ದಾರಿಯಲ್ಲೇ ಏಜೆಂಟಿಗೆ ಫೋನು. ಅವನು ಏನೇನೋ ಮಾಡಿ, ವಿಶಾಖಪಟ್ಟಣದ ಬದಲು ವಿಜಯವಾಡದಿಂದಲೇ ಹೈದರಾಬಾದಿನ ವಿಮಾನ ಹತ್ತುವಂತೆ ಬದಲಾಯಿಸಿಕೊಟ್ಟ. ಸಂಜೆ ಮಾಸ್ಟರು ಭಾವಮೈದುನನ ಮನೆಗೆ ಬಂದು, ತಲೆಯೆತ್ತದೆ ಗಂಟು ಕೊಟ್ಟರು. ಹೆಂಡತಿ ಅವರ ಕಾಲಿಗೆ ನಮಸ್ಕಾರ ಮಾಡಿ ಅದನ್ನು ತಾನೇ ಇಟ್ಟುಕೊಂಡಳು, ನನ್ನ ಕೈಗೆ ಮುಟ್ಟಿಸಲಿಲ್ಲ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿನ ಅಧಿಕಾರಿ ಅವಳದನ್ನು ಬಿಡಿಸಿದ. ಅಕ್ಷತೆ ಮೇಜಿನ ಮೇಲೆ ಉದುರಿತು. ಬಟ್ಟೆಯಿಂದ ಇಳಿದ ಕುಂಕುಮ ಒಂದು ಹಾಳೆಯ ಮೂಲೆಯಲ್ಲಿ ಕೆಂಪಗೆ ಕೂತಿತ್ತು.

"ಏನಮ್ಮಾ ಇದು? ನಮಗಿಂತ ಮೊದಲೇ ಯಾರೋ ಮುದ್ರೆ ಒತ್ತಿದ್ದಾರಲ್ಲ?"

"ವಿಜಯವಾಡದ ಬೆಟ್ಟದ ಅಮ್ಮನವರಪ್ಪ," ಅಂದಳು ನನ್ನ ಹೆಂಡತಿ.

ಅಧಿಕಾರಿ ಅಕ್ಷತೆಯ ಕಾಳೊಂದನ್ನು ಬೆರಳಲ್ಲೆತ್ತಿ ಕಣ್ಣಿಗೊತ್ತಿಕೊಂಡು, ಕುಂಕುಮಕ್ಕೆ ತಗಲದಂತೆ ಪಕ್ಕದ ಹಾಳೆಯಲ್ಲಿ ತನ್ನ ಮುದ್ರೆ ಒತ್ತಿದ. ಆಮೇಲೆ ಎದುರಿನ ಕ್ಯಾಮೆರಾ ತೋರಿಸಿ, "ಇಲ್ಲಿ ನೋಡಿ ಅಮ್ಮಾ. ಕಣ್ಣು ಚೆನ್ನಾಗಿ ಅಗಲ ಮಾಡಿ," ಅಂದ.

"ಇನ್ನೂ ಅಗಲವಾ?" ಅಂದಳು ಅವಳು. "ನಿನ್ನೆ ಬೆಳಿಗ್ಗೆ ಇವರು ಪಾಸ್‌ಪೋರ್ಟ್ ಎಲ್ಲಿದೆ ಅಂತ ಹೇಳಿದಾಗ ಅಗಲ ಮಾಡಿದ್ದು, ಇನ್ನೂ ಮುಚ್ಚೇ ಇಲ್ಲಪ್ಪ!"