ನಲವತ್ತು ಪ್ರಶ್ನೆ, ಎರಡು ಸಲ

ಮನುಷ್ಯನ ಸ್ವಭಾವವನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳಲು ಹೊರಟವನಿಗೆ ದಿನಕ್ಕೊಂದು ಪಾಠ ತಪ್ಪುವುದಿಲ್ಲ. ಅರವತ್ತರ ದಶಕದಲ್ಲಿ ನಾನು ಒಬ್ಬ ಪ್ರೊಫೆಸರರ ಕೈಕೆಳಗೆ ಹಂಗಾಮಿ ಕೆಲಸದಲ್ಲಿದ್ದೆ. ಅವರು ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿದ್ದರು. ಒಬ್ಬರನ್ನೇ ಎರಡು ತಿಂಗಳು ಬಿಟ್ಟು ಎರಡು ಸಲ ಕೇಳಬೇಕು. ಎರಡು ಸಲದ ಉತ್ತರ ಒಂದಕ್ಕೊಂದು ಹೊಂದಿದರೆ ಪಟ್ಟಿ ಗಟ್ಟಿ, ನನ್ನ ಕೆಲಸವೂ ಗಟ್ಟಿ. ಹೊಂದದಿದ್ದರೆ ಎರಡೂ ರದ್ದಿಗೆ.

೧

ಜಂಗಮಕೋಟೆಯಲ್ಲಿ ರೇಷ್ಮೆ ಸಾಕುವ ಗೌಡರೊಬ್ಬರು. ಹುಳುವಿಗೆ ರೋಗ ತಗಲೀತೆಂದು ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ಬಾಗಿಲಾಚೆ ನಿಂತು, "ಹೊಸಬರ ಜೊತೆ ಸಲೀಸಾಗಿ ಬೆರೀತೀರಾ?" ಎಂದು ಕೂಗಿದೆ.

"ಓಹೋ, ಚೆನ್ನಾಗಿ ಬೆರೀತೀನಿ, ಬರ್ಕೊಳಪ್ಪ. ಏಯ್, ಹೊಸ್ತಿಲು ಮಾತ್ರ ದಾಟಬೇಡ!"

ಎರಡು ತಿಂಗಳ ಮೇಲೆ ಹೋದಾಗ ಹುಳು ಇರಲಿಲ್ಲ. ಚಾಪೆ ಹಾಸಿ, ಕಾಫಿ ಕೊಟ್ಟು, ಒಂದು ಗಂಟೆ ಹರಟಿ, "ಹೊಸಬರ ಹತ್ರ ನಾನು ಮಾತೇ ಆಡಲ್ಲಪ್ಪ, ಬಲು ಸಂಕೋಚ" ಅಂದರು.

೨

ನಗರಗೆರೆಯಲ್ಲಿ ಒಬ್ಬ ರೈತನನ್ನು, "ನೀವು ಕಷ್ಟಪಟ್ಟು ದುಡಿಯೋರಾ?" ಎಂದು ಕೇಳಿದೆ.

"ಏಮಪ್ಪಾ, ನನ್ನ ಬಗ್ಗೆ ನಾನೇ ಹೆಂಗೆ ಹೇಳ್ಕೊಳ್ಲಿ? ಪಕ್ಕದ ಮನೆಯವನ್ನ ಕೇಳು."

ಪಕ್ಕದ ಮನೆಯವನು ಯೋಚಿಸಲೂ ಇಲ್ಲ. "ಅವನಾ? ಶುದ್ಧ ಸೋಮಾರಿ."

ರೈತ ಸಮಾಧಾನದಿಂದ ತಲೆಯಾಡಿಸಿದ. "ಸರಿಯಾಗೇ ಹೇಳಿದ. ಈಗ ಅವನ ಕಾಗದ ತೆಗಿ, ನಾನು ಹೇಳ್ತೀನಿ."

೩

ಕೊನೆಗೆ ಉಳಿದದ್ದು ಕಳವಾರದ ಒಂದು ಮನೆ, ಎಂಟು ಜನ. ಅಲ್ಲಿಯವರೆಗೆ ಒಂದು ಹಾಳೆಯೂ ಹೊಂದಿರಲಿಲ್ಲ. ಇಲ್ಲಿ ನೋಡಿದರೆ ಎರಡನೆಯ ಸಲವೂ ಕೇಳಿದವರದೆಲ್ಲ ಅದೇ ಉತ್ತರ! ಕೆಲಸ ಉಳಿಯಿತು ಎಂದು ಹಿಗ್ಗಿದೆ. ಅಷ್ಟರಲ್ಲಿ ಕಿರಿಯ ಮಗ "ಹೌದು, ಕೋಪ ಬರುತ್ತೆ" ಅಂದ. ಕಂಬಕ್ಕೊರಗಿದ್ದ ಅಜ್ಜಿ ಗದರಿದರು.

"ಹೋದ ಸಲ ಇಲ್ಲ ಅಂದಿದ್ದೆ ಕಣೋ! ಆಡಿದ ಮಾತಿಗೆ ತಪ್ಪಿದರೆ ಮನೆ ಮರ್ಯಾದೆ ಏನಾಗಬೇಕು?" ನನ್ನ ಕಡೆ ತಿರುಗಿ, "ಮತ್ತೆ ಬರ್ತೀನಿ ಅಂದಿದ್ದೆಯಲ್ಲಪ್ಪ, ವಾರದಿಂದ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೀನಿ" ಅಂದರು.

ಎಂಟು ಜನ, ತಲೆಗೆ ನಲವತ್ತು ಉತ್ತರ. ಅಕ್ಷರ ಬಾರದ ಮುದುಕಿ ಒಮ್ಮೆ ಕೇಳಿದ್ದನ್ನು ಎರಡು ತಿಂಗಳು ತಲೆಯಲ್ಲಿಟ್ಟುಕೊಂಡಿದ್ದರು! ನಾನು ಬೆರಗಾಗಿ ಕೈಮುಗಿದುಬಿಟ್ಟೆ. ನಡೆದದ್ದನ್ನೇ ಪ್ರೊಫೆಸರರಿಗೆ ಬರೆದುಕೊಟ್ಟೆ, ಕೆಲಸ ಹೋಯಿತು. ಅದಕ್ಕೆ ಇವತ್ತಿಗೂ ಬೇಸರವಿಲ್ಲ. ಏಕೆಂದರೆ ಅವತ್ತು ಆ ಮನೆಯಲ್ಲಿ ಕೊನೆಗೆ ಅಜ್ಜಿಯ ಹಾಳೆ ತುಂಬಿಸುತ್ತ ನಲವತ್ತನೆಯ ಪ್ರಶ್ನೆಗೆ ಬಂದಿದ್ದೆ: "ನಿಮ್ಮ ಜ್ಞಾಪಕಶಕ್ತಿ ಚೆನ್ನಾಗಿದೆಯೇ?"

ಅಜ್ಜಿ ಕ್ಷಣವೂ ತಡೆಯಲಿಲ್ಲ.

"ಏನೂ ನೆನಪಿರಲ್ಲ ಅಂತ ಹೋದ ಸಲ ಹೇಳಿದ್ದೆ. ಅದನ್ನೇ ಬರ್ಕೋ."